ಜಾರಲೆಂದೇ ಕಟ್ಟಿದ ಕಾರು

ಆ ಕಾರು ಕೆಂಪಾಗಿತ್ತೇ ಎಂಬುದೇ ಈಗ ಅನುಮಾನ. ಬಾಗಿಲುಗಳು ಕೆಂಪು, ಅದು ಖಂಡಿತ. ಬಾನೆಟ್ಟು ಮಾತ್ರ ಬೂದು ಪ್ರೈಮರಿನಲ್ಲಿತ್ತು ಎಂದು ನಂದೀಶ ಹೇಳುತ್ತಾನೆ. ನನ್ನ ಫೋನಿನಲ್ಲಿರುವ ಫೋಟೋದಲ್ಲಿ ಇಡೀ ಕಾರೇ ಬಿಳಿ, ಏಕೆಂದರೆ ಅದರ ಮೇಲೆ ಎರಡು ದಿನದ ಧೂಳು ಕೂತಿದೆ. ಹೀಗಿರುವಾಗ ಒಮಾನಿನಲ್ಲಿ ಕಳೆದ ಒಂಬತ್ತು ದಿನಗಳನ್ನು ಸಾಲಾಗಿ ಜೋಡಿಸಿ ಹೇಳಲು ಹೊರಟರೆ ಮೋಸವಾಗುತ್ತದೆ. ಎಂಟು ದಿನವೋ ಒಂಬತ್ತೋ ಎಂದು ಪಾಸ್‌ಪೋರ್ಟಿನ ಮುದ್ರೆ ನೋಡಿಯೇ ಬರೆದೆ. ಉಳಿದದ್ದಕ್ಕೆ ಮುದ್ರೆಗಳಿಲ್ಲ.

ನಂದೀಶ ನನ್ನ ತಮ್ಮ. ಹೊಳೆನರಸೀಪುರದ ಒಂದು ಟ್ರ್ಯಾಕ್ಟರ್ ಗ್ಯಾರೇಜಿನಲ್ಲಿ ಕೆಲಸ ಕಲಿತು, ಅಲ್ಲಿಂದ ಒಮಾನಿನ ಬರ್ಕಾ ಎಂಬ ಊರಿನ ಗ್ಯಾರೇಜಿಗೆ ಹೋಗಿ ಹದಿನಾಲ್ಕು ವರ್ಷ ಕಳೆದವನು. ನಾನು ಹಾಸನದ ಪಾಲಿಟೆಕ್ನಿಕ್ಕಿನಲ್ಲಿ ಆಟೊಮೊಬೈಲ್ ವಿಭಾಗದ ಉಪನ್ಯಾಸಕಿ. ಅವನು ಬಿಚ್ಚಿದ್ದನ್ನು ನಾನು ಬೋರ್ಡಿನ ಮೇಲೆ ಬರೆಯುತ್ತೇನೆ ಎಂದು ಮನೆಯಲ್ಲಿ ತಮಾಷೆ ಮಾಡುತ್ತಾರೆ. ಅವನ ಯಜಮಾನರು ಗ್ಯಾರೇಜು ಮುಚ್ಚುತ್ತಿದ್ದರು. ವೀಸಾ ರದ್ದಾಗಿ ಒಂದು ಭಾನುವಾರ ಅವನು ಊರಿಗೆ ಹೊರಡಬೇಕಿತ್ತು. ಅದಕ್ಕೆ ಎರಡು ದಿನ ಮೊದಲು, ಶುಕ್ರವಾರ, ಡ್ರಿಫ್ಟ್ ಮೈದಾನದಲ್ಲಿ ಹವ್ಯಾಸಿಗಳ ದಿನ. ಡ್ರಿಫ್ಟ್ ಎಂದರೆ ತಿರುವಿನಲ್ಲಿ ಕಾರನ್ನು ಬೇಕೆಂದೇ ಅಡ್ಡಡ್ಡಲಾಗಿ ಜಾರಿಸುತ್ತ, ಹಿಂಚಕ್ರಗಳು ಹೊಗೆಯಾಡುತ್ತಿದ್ದರೂ ಹತೋಟಿ ತಪ್ಪದೆ ಓಡಿಸುವ ಆಟ. ಎರಡು ವರ್ಷದಿಂದ ರಜೆಯ ದಿನಗಳಲ್ಲಿ ಗುಜರಿಯ ಸಾಮಾನು ಹುಡುಕಿ ಹುಡುಕಿ ಅವನು ಒಂದು ಹಳೆಯ ಸ್ಪೋರ್ಟ್ಸ್ ಕಾರನ್ನು ಅದಕ್ಕಾಗಿ ಕಟ್ಟುತ್ತಿದ್ದ. ಆ ಕಾರನ್ನು ಊರಿಗೆ ತರುವಂತಿಲ್ಲ. ಹಾಗಾಗಿ ಅವನಿಗಿದ್ದದ್ದು ಒಂದೇ ಶುಕ್ರವಾರ. ನೋಡಲು ಬಾ ಎಂದು ಕರೆದ. ಚಳಿಗಾಲದ ರಜೆಯಿತ್ತು, ಹೋದೆ.

ಮಸ್ಕತ್, ಇಳಿದ ದಿನ

ಅಣ್ಣತಮ್ಮಂದಿರು ಪರದೇಶದಿಂದ ಚಕ್ಕುಲಿ ಕೇಳುತ್ತಾರೆ. ನನ್ನ ತಮ್ಮ ಕೇಳಿದ್ದು ನಾಲ್ಕು ಕಬ್ಬಿಣದ ಬುಷ್. ಹಿಂಭಾಗದ ಚೌಕಟ್ಟನ್ನು ಕಾರಿನ ಮೈಗೆ ಕೂರಿಸುವ ಜಾಗದಲ್ಲಿ ರಬ್ಬರಿನ ಬಳೆಗಳಿರುತ್ತವೆ. ಅವು ಅದುರುವಿಕೆಯನ್ನು ನುಂಗುತ್ತವೆ, ಆದರೆ ಜಾರಿಸುವಾಗ ಕಾರು ತೂಗಾಡುತ್ತದೆ. ರಬ್ಬರು ತೆಗೆದು ಕಬ್ಬಿಣ ಹಾಕಬೇಕು. ಒಮಾನಿನಲ್ಲಿ ಕೊಂಡರೆ ದುಬಾರಿ ಎಂದು ಅಳತೆ ಬರೆದು ಕಳಿಸಿದ್ದ. ಹಾಸನದ ಒಂದು ಲೇತಿನಲ್ಲಿ ತಿರುಗಿಸಿಕೊಂಡು ಸೀರೆಗಳ ನಡುವೆ ಇಟ್ಟಿದ್ದೆ.

ಮಸ್ಕತ್ತಿನ ತಪಾಸಣೆಯವನು ಪೆಟ್ಟಿಗೆ ಬಿಚ್ಚಿಸಿದ. ಒಂದು ಬುಷ್ ಎತ್ತಿ ದುರ್ಬೀನಿನಂತೆ ಕಣ್ಣಿಗೆ ಹಿಡಿದು ಅದರೊಳಗಿಂದ ನನ್ನನ್ನು ನೋಡಿದ. ನಾನು ಮನಸ್ಸಿನಲ್ಲೇ ಇಂಗ್ಲಿಷಿನ ವಾಕ್ಯ ಜೋಡಿಸುತ್ತಿದ್ದೆ. ಅಷ್ಟರಲ್ಲಿ ಅವನೇ, "ಡ್ರಿಫ್ಟ್?" ಎಂದ. ತಲೆಯಾಡಿಸಿದೆ. ನನ್ನ ಸೀರೆಯನ್ನು, ಕನ್ನಡಕವನ್ನು, ಮತ್ತೆ ಬುಷ್ಷನ್ನು ನೋಡಿದ. ನನ್ನನ್ನೇ ಡ್ರೈವರ್ ಎಂದುಕೊಂಡನೋ ಏನೋ, ಎದೆಯ ಮೇಲೆ ಕೈಯಿಟ್ಟು ದಾರಿ ಬಿಟ್ಟ. ನಾನು ತಿದ್ದಲಿಲ್ಲ.

ಬರ್ಕಾ, ಸನಾಯ

ಗ್ಯಾರೇಜುಗಳೆಲ್ಲ ಒಟ್ಟಿಗಿರುವ ಬೀದಿಗೆ ಅಲ್ಲಿ ಸನಾಯ ಎನ್ನುತ್ತಾರೆ. ಹಾಸನದಲ್ಲೂ ಅಂಥ ಬೀದಿಗಳಿವೆ, ಅದೇ ಗ್ರೀಸಿನ ವಾಸನೆ, ಅದೇ ಚಹಾದ ಗ್ಲಾಸು. ನಮ್ಮಲ್ಲಿ ಗಾಡಿ ರಿಪೇರಿಗೆ ಬಿಟ್ಟವನು ಎದುರಿಗೇ ಕೂತು ಪ್ರತಿ ಬೋಲ್ಟಿಗೂ ಸಲಹೆ ಕೊಡುತ್ತಾನೆ. ಅಲ್ಲಿ ಬೀಗದಕೈ ಎಸೆದು ಹೊರಟುಹೋಗುತ್ತಾನೆ. ಇದು ನಂಬಿಕೆಯೋ ಬಿಸಿಲೋ ಎಂದು ನನಗೆ ತಿಳಿಯಲಿಲ್ಲ.

ನಾನು ಹೋದಾಗ ಕಾರಿನ ಒಳಗೆ ಏನೂ ಇರಲಿಲ್ಲ. ಹಿಂದಿನ ಸೀಟು, ಕಾರ್ಪೆಟ್ಟು, ರೇಡಿಯೊ, ಬಾಗಿಲಿನ ಒಳಮೈ ಎಲ್ಲ ಕಿತ್ತು ತೂಕ ಇಳಿಸಿದ್ದರು. ಮುಂದಿನ ಬಂಪರು ಎರಡು ತುಂಡಾಗಿದ್ದನ್ನು ರಂಧ್ರ ಕೊರೆದು ಪ್ಲಾಸ್ಟಿಕ್ ಟೈಗಳಿಂದ ಹೊಲಿದಿದ್ದರು. ನಂದೀಶ ನೆಲದ ಮೇಲೆ ಡಿಫರೆನ್ಷಿಯಲ್ ಬಿಚ್ಚಿಟ್ಟುಕೊಂಡು ವೆಲ್ಡಿಂಗ್ ಕನ್ನಡಿ ಹಿಡಿದು ಕೂತಿದ್ದ.

ಇಲ್ಲಿ ನನ್ನ ನೋವನ್ನು ವಿವರಿಸಬೇಕು. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರ ಹೋಗಬೇಕು, ಒಳಗಿನದು ಕಡಿಮೆ. ಎರಡನ್ನೂ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಹಲ್ಲುಚಕ್ರಗಳ ಪೆಟ್ಟಿಗೆಯೇ ಡಿಫರೆನ್ಷಿಯಲ್. ಮನುಷ್ಯ ಮಾಡಿದ ವಸ್ತುಗಳಲ್ಲಿ ಅದಕ್ಕಿಂತ ಸೌಜನ್ಯದ್ದು ಇನ್ನೊಂದಿಲ್ಲ ಎಂದು ನಾನು ತರಗತಿಯಲ್ಲಿ ಹೇಳುತ್ತೇನೆ. ನನ್ನ ತಮ್ಮ ಆ ಹಲ್ಲುಗಳನ್ನು ಒಂದಕ್ಕೊಂದು ಬೆಸೆಯಲು ಹೊರಟಿದ್ದ.

"ಲೋ, ಏನ್ ಮಾಡ್ತಿದೀಯ? ಅದನ್ನ ಬೆಸೆದ್ರೆ ತಿರುವಲ್ಲಿ ಟೈರು ಉಜ್ಜೋಯ್ತದೆ."

"ಉಜ್ಜೋಗ್ಲಿ ಅಂತ್ಲೇ ಅಲ್ವೇನಕ್ಕ ಮಾಡ್ತಿರಾದು?"

"ಇಪ್ಪತ್ ವರ್ಸದಿಂದ ನಾನು ಏನ್ ಪಾಠ ಮಾಡ್ತಾ ಬಂದಿದೀನಿ ಗೊತ್ತೇನೋ ನಿಂಗೆ?"

"ಗೊತ್ತು ಕಣಕ್ಕ. ನಿನ್ ಪಾಠ ಬೋರ್ಡಿಗೆ ಸರ್ಯಾಗದೆ. ಗದ್ದೇಲಿ ಟ್ರ್ಯಾಕ್ಟರ್ ಊತ್ಕಂಡಾಗ ಡ್ರೈವರ್ ಏನ್ ಮಾಡ್ತಾನೆ ಯೋಳು? ಡಿಫ್ ಲಾಕ್ ತುಳೀತಾನೆ. ಎಲ್ಡೂ ಗಾಲಿ ಒಂದಾಗಿ ತಿರುಗ್ತವೆ. ನಾನು ಆ ಕಾಲ್ನ ಎತ್ತದಂಗೆ ಮಾಡ್ತಿದೀನಿ, ಅಷ್ಟೇಯ."

ಉತ್ತರ ಸರಿಯಾಗಿತ್ತು. ಹಾಗಾಗಿ ಇನ್ನಷ್ಟು ಸಿಟ್ಟು ಬಂತು. ಕಿಡಿ ಹಾರತೊಡಗಿದಾಗ ಮುಖ ತಿರುಗಿಸಿದೆ. ಕಣ್ಣಿಗೆ ಬೆಳಕು ಹೊಡೆಯದಿರಲಿ ಎಂದು ತಿರುಗಿಸಿದೆನೋ, ನೋಡಲಾರದೆಯೋ, ಈಗ ಎರಡೂ ನಿಜವೆನಿಸುತ್ತದೆ.

ಆ ಹೊತ್ತಿಗೆ ನೀರಿನ ಟ್ಯಾಂಕರೊಂದು ಬಂದು ನಿಂತಿತು. ಇಳಿದವರು ಸಲೀಮ್, ಐವತ್ತು ದಾಟಿದ ಒಮಾನಿ, ಟ್ಯಾಂಕರಿನ ಮಾಲೀಕರು, ಈ ಕಾರಿನಲ್ಲಿ ಅರ್ಧ ಪಾಲುದಾರರು. ನಂದೀಶನೊಂದಿಗೆ ಅವರು ಆಡುವುದು ಹಿಂದಿಯೂ ಅಲ್ಲದ ಅರಬಿಯೂ ಅಲ್ಲದ ಒಂದು ಗ್ಯಾರೇಜು ಭಾಷೆ. ನನ್ನನ್ನು ನೋಡಿ ಮುಖ ಅರಳಿಸಿ, ಎರಡೂ ಕೈ ಚಾಚಿ, ಸ್ಪಷ್ಟವಾಗಿ ಹೇಳಿದರು:

"ಬಾರ್ಲಾ, ಅಕ್ಕ! ಕುಂತ್ಕಳ್ಲಾ!"

ನಂದೀಶ ಕನ್ನಡಿ ಕೆಳಗಿಟ್ಟ. "ಅಯ್ಯೋ ಚಾಚಾ, ಅಕ್ಕಂಗೆ ಅಂಗನ್ಬಾರ್ದು!" ಎಂದು ಮೊದಲು ಕನ್ನಡದಲ್ಲಿ, ಆಮೇಲೆ ಗ್ಯಾರೇಜು ಭಾಷೆಯಲ್ಲಿ ಹೇಳಿದ. ಸಲೀಮ್ ಗಾಬರಿಯಾದರು. ಎರಡು ವರ್ಷದಿಂದ ನೀನು ನನ್ನನ್ನು ಹಾಗೇ ಕರೆಯುತ್ತಿದ್ದೀಯಲ್ಲ, ಹಿರಿಯರಿಗೆ ಹೇಳುವ ಮಾತು ಎಂದುಕೊಂಡಿದ್ದೆ ಎಂದರು. ತಮ್ಮನ ಕಿವಿ ಕೆಂಪಾದದ್ದನ್ನು ನಾನು ಮೊದಲ ಬಾರಿ ನೋಡಿದ್ದು ಆಗ.

ಸಲೀಮರ ಮನೆ

ಊಟಕ್ಕೆ ಕರೆದಿದ್ದರು. ಖರ್ಜೂರ, ಏಲಕ್ಕಿ ಹಾಕಿದ ಕಹಿ ಕಾಫಿ, ಹಿಡಿಯಿಲ್ಲದ ಪುಟ್ಟ ಬಟ್ಟಲು. ಕುಡಿದು ಕೆಳಗಿಟ್ಟೆ, ತುಂಬಿದರು. ಸಾಕು ಎಂದೆ, ತುಂಬಿದರು. ಕೈ ಅಡ್ಡ ಹಿಡಿದೆ, ಬೆರಳುಗಳ ಸಂದಿನಿಂದ ಹದವಾಗಿ ಸುರಿದರು. ಏಳನೆಯದೋ ಎಂಟನೆಯದೋ ಆದ ಮೇಲೆ ನಂದೀಶ ಬಾಯಿ ಬಿಟ್ಟ.

"ಬಟ್ಲನ್ನ ಅಳ್ಳಾಡ್ಸಕ್ಕ. ಅಳ್ಳಾಡ್ಸಿದ್ರೇನೇ ಬ್ಯಾಡ ಅಂತ ಅರ್ತ."

"ಮೊದ್ಲೇ ಬೊಗಳಾಕೇನಾಗಿತ್ತು?"

"ಎಷ್ಟ್ ಕುಡೀತೀಯ ನೋಡವಾ ಅಂತ."

ನಮ್ಮ ಚನ್ನರಾಯಪಟ್ಟಣದ ಕಡೆ ಸಾಕು ಎಂದರೆ ಇನ್ನೂ ಎರಡು ಸೌಟು ಎಂದರ್ಥ. ಎಲೆಯ ಮೇಲೆ ಬಗ್ಗಿ ಎರಡೂ ಕೈ ಹರಡಿದರೂ ಬಡಿಸುವವರು ಬಿಡುವುದಿಲ್ಲ. ಒಂದು ಬಟ್ಟಲು ಅಲ್ಲಾಡಿಸಿದರೆ ಮುಗಿಯುವ ಆ ಏರ್ಪಾಡು ನನಗೆ ತುಂಬ ಹಿಡಿಸಿತು.

ಅಲ್ಲೇ ಮಾತಿನ ನಡುವೆ ತಿಳಿದದ್ದು: ನಂದೀಶ ಹೋದ ಮೇಲೆ ಕಾರು ಸಲೀಮರ ಅಂಗಳದಲ್ಲಿರುತ್ತದೆ. ಅವರು ಓಡಿಸುವುದಿಲ್ಲ, ಅವರ ಸೊಂಟ ಬಿದ್ದಿದೆ. "ನನಗೆ ಕಟ್ಟುವುದೇ ಸುಖ. ಓಡಿಸುವ ಆಸೆ ಇವನದು," ಎಂದರು. "ಇವನು ಈ ಕಾರನ್ನು ಸನಾಯದ ಗೇಟಿನಾಚೆಗೆ ಒಂದು ದಿನವೂ ಓಡಿಸಿಲ್ಲ, ಗೊತ್ತೇ ನಿಮಗೆ?"

ಗೊತ್ತಿರಲಿಲ್ಲ. ನಂದೀಶನನ್ನು ನೋಡಿದೆ. ಅವನು ಖರ್ಜೂರದ ಬೀಜಗಳನ್ನು ತಟ್ಟೆಯ ಅಂಚಿನಲ್ಲಿ ಜೋಡಿಸುತ್ತಿದ್ದ.

"ಒಂದ್ ಸುತ್ತು ಸಾಕು ಕಣಕ್ಕ," ಎಂದ. "ಕಟ್ಟಿದ್ದು ಸರ್ಯಾಗದೋ ಇಲ್ವೋ ಅನ್ನದು ಅಡ್ಡ ತಿರುಗಿದ್ರೇನೇ ಗೊತ್ತಾಗದು. ಗೊತ್ತಾಗ್ದೆ ಎಂಗೋಗ್ಲಿ?"

ಮೈದಾನ, ಶುಕ್ರವಾರ

ಮೈದಾನವೆಂದರೆ ಬೋಳು ಬೆಟ್ಟಗಳ ನಡುವೆ ಡಾಂಬರು ಹಾಸಿದ ಒಂದು ತಟ್ಟೆ. ಸುತ್ತಿನ ಆಚೆ ತುದಿಯಲ್ಲಿ ಮಣ್ಣಿನ ದೊಡ್ಡ ದಿಬ್ಬ, ಅದರ ಹಿಂದೆ ಹೋದ ಕಾರು ಕೆಲವು ಕ್ಷಣ ಕಾಣುವುದಿಲ್ಲ. ಕಾರುಗಳು ಸರದಿಗಾಗಿ ನಿಲ್ಲುವ ಜಾಗ ಸಣ್ಣ ಇಳಿಜಾರು. ಈ ಎರಡು ವಿವರಗಳ ಬಗ್ಗೆ ನನಗೆ ಅನುಮಾನವಿಲ್ಲ.

ಮೊದಲು ತಪಾಸಣೆ. ಸೀಟ್ ಬೆಲ್ಟು, ಹೆಲ್ಮೆಟ್ಟು, ಬೆಂಕಿ ಆರಿಸುವ ಡಬ್ಬಿ, ಎಲ್ಲ ಸರಿ. ಬ್ಯಾಟರಿ ನೋಡಿದವನು ಹುಬ್ಬು ಗಂಟಿಕ್ಕಿದ. ನಂದೀಶ ಅದನ್ನು ಸ್ಕೂಟರಿನ ಹಳೆ ಟ್ಯೂಬು ಸೀಳಿ ಬಿಗಿದಿದ್ದ, ಹೊಳೆನರಸೀಪುರದಲ್ಲಿ ಹಾಲಿನ ಕ್ಯಾನಿನಿಂದ ಹಿಡಿದು ಅಕ್ಕಿ ಮೂಟೆಯವರೆಗೆ ಎಲ್ಲವನ್ನೂ ಬೈಕಿಗೆ ಬಿಗಿಯುವ ಹಾಗೆ.

"ರಬ್ಬರ್ ಆಗುವುದಿಲ್ಲ. ಲೋಹದ ಪಟ್ಟಿ," ಎಂದ ತಪಾಸಣೆಯವನು.

"ಸಾ, ಇದ್ನ ಎಳ್ದು ನೋಡಿ ಸಾ," ಎಂದು ನಂದೀಶ ಗಾಬರಿಯಲ್ಲಿ ಅಪ್ಪಟ ಕನ್ನಡದಲ್ಲೇ ಹೇಳಿದ. ಅವನು ಎಳೆದ. ಬ್ಯಾಟರಿ ಅಲುಗಲಿಲ್ಲ. ಆದರೂ ಆಗುವುದಿಲ್ಲ. ಸಲೀಮ್ ತಮ್ಮ ಟ್ಯಾಂಕರಿನ ಹಿಂಭಾಗದಿಂದ ಒಂದು ಕಬ್ಬಿಣದ ಪಟ್ಟಿ ಬಿಚ್ಚಿ ತಂದರು. ಸರಿಹೋಯಿತು. ಮಧ್ಯಾಹ್ನದ ನಮಾಜು ಮುಗಿದ ಮೇಲೆ ಆಟ ಶುರು, ಸೂರ್ಯ ಮುಳುಗಿದರೆ ಮುಗಿಯಿತು. ಒಮ್ಮೆ ಸಾಲು ಬಿಟ್ಟವರಿಗೆ ಮತ್ತೆ ಸರದಿ ಇಲ್ಲ.

ಅದೇ ಮೈದಾನ, ಇಳಿಜಾರು

ಸಾಲು ನಿಧಾನವಾಗಿ ಸಾಗುತ್ತಿತ್ತು. ಎಂಜಿನ್ನು ಸುಮ್ಮನೆ ಬಿಸಿಯಾಗುವುದು ಬೇಡವೆಂದು ನಾವು ಕಾರನ್ನು ನ್ಯೂಟ್ರಲ್ಲಿನಲ್ಲಿ ತಳ್ಳುತ್ತಿದ್ದೆವು. ಮುಂದೆ ಇಬ್ಬರಿದ್ದಾರೆ ಎನ್ನುವಾಗ ನಂದೀಶ ಹೆಲ್ಮೆಟ್ಟು ತರಲು ಟ್ಯಾಂಕರಿನ ಕಡೆ ಓಡಿದ. ಸಲೀಮ್ ಯಾರೊಂದಿಗೋ ಮಾತಾಡುತ್ತಿದ್ದರು. ನಾನೊಬ್ಬಳೇ ಕಾರಿನ ಹತ್ತಿರ.

ಕಾರು ತಾನಾಗಿ ಮೆಲ್ಲಗೆ ಸರಿಯತೊಡಗಿತು. ಕಿಟಕಿಯಿಂದ ಕೈ ಹಾಕಿ ಹ್ಯಾಂಡ್‌ಬ್ರೇಕ್ ಎಳೆದೆ. ನಿಂತಿತು. ಬಿಟ್ಟೆ, ಹಿಡಿಕೆ ತಾನಾಗಿ ವಾಪಸ್ಸು ಹೋಯಿತು. ಡ್ರಿಫ್ಟ್ ಕಾರಿನ ಹ್ಯಾಂಡ್‌ಬ್ರೇಕ್ ಹಾಗೆಯೇ. ಓಡುವಾಗ ಒಂದು ಕ್ಷಣ ಹಿಂಚಕ್ರ ಹಿಡಿಯಲಿಕ್ಕೇ ಹೊರತು ಗಾಡಿ ನಿಲ್ಲಿಸಲಿಕ್ಕಲ್ಲ. ಇದು ನನಗೆ ಪುಸ್ತಕದಿಂದ ಗೊತ್ತಿತ್ತು. ಆದರೆ ಆ ಹೊತ್ತಿನಲ್ಲಿ ಕೆಲಸ ಮಾಡಿದ್ದು ಪುಸ್ತಕವಲ್ಲ. ನಮ್ಮಪ್ಪ ಹೊಳೆನರಸೀಪುರ, ಅರಕಲಗೂಡು ನಡುವೆ ಆಲೂಗಡ್ಡೆ ಟೆಂಪೋ ಓಡಿಸುತ್ತಿದ್ದರು. ಅದರ ಹ್ಯಾಂಡ್‌ಬ್ರೇಕ್ ಹಿಡಿದದ್ದನ್ನು ನಾವು ಯಾರೂ ನೋಡಿಲ್ಲ. ಟೆಂಪೋ ನಿಂತ ಕೂಡಲೇ ಹಿಂದಿನಿಂದ ಜಿಗಿದು ಗಾಲಿಗೆ ಕಲ್ಲು ಕೊಡುವುದು ಮಕ್ಕಳ ಕೆಲಸ. ನನಗೆ ಅದಕ್ಕೆ ಯೋಚನೆ ಬೇಕಾಗಿಲ್ಲ. ಅಲ್ಲಿ ಕಲ್ಲಿಗೇನು ಕೊರತೆ, ಅಂಚಿನಿಂದ ಮುಷ್ಟಿಗಿಂತ ದೊಡ್ಡದೊಂದು ತಂದು ಬಲ ಹಿಂಚಕ್ರದ ಮುಂದೆ ಇಟ್ಟು ಕಾಲಿನಿಂದ ಒದ್ದು ಕೂರಿಸಿದೆ. ಸೀರೆಯ ಅಂಚಿಗೆ ಗ್ರೀಸಾಯಿತು. ನೆಮ್ಮದಿಯೂ ಆಯಿತು.

ನಂದೀಶ ಓಡಿ ಬಂದ. ಮುಂದಿನವನು ಹೊರಟಿದ್ದ. ಬಾವುಟದವನು ಬಾ ಬಾ ಎನ್ನುತ್ತಿದ್ದ. "ಬೇಗ ಓಗ್ಲಾ!" ಎಂದು ನಾನೇ ಕೂಗಿದೆ. ಅವನು ಕೂತು ಎಂಜಿನ್ ಎಬ್ಬಿಸಿ ಗೇರು ಹಾಕಿದ. ಕಾರು ಮಿಸುಕಲಿಲ್ಲ. ಭಾರವೆನಿಸಿ ಇನ್ನಷ್ಟು ಒತ್ತಿದ. ಹಿಂಚಕ್ರ ಕಲ್ಲನ್ನು ಅಡಿಗೆ ಎಳೆದುಕೊಂಡು, ಒಮ್ಮೆ ಎಗರಿ, ಹಿಂದಕ್ಕೆ ಉಗುಳಿತು.

ಹಿಂದೆ ನಿಂತಿದ್ದದ್ದು ಅದೇ ಜಾತಿಯ, ನೀಲಿ ಬಣ್ಣದ ಕಾರು. ಕಲ್ಲು ಬಡಿದ ಸದ್ದು ನನಗೆ ನೆನಪಿಲ್ಲ. ಆಮೇಲೆ ಬಂದ ಹಸಿರು ನೀರು ನೆನಪಿದೆ. ಇಳಿಜಾರಿನಲ್ಲಿ ಅದು ಹರಿದುಬಂದು ನನ್ನ ಚಪ್ಪಲಿಗೆ ಮುಟ್ಟಿತು. ರೇಡಿಯೇಟರ್ ಒಡೆದಿತ್ತು.

"ಇದು ಯಾರ ಕಲ್ಲು?" ಎಂದು ಬಾವುಟದವನು ಇಂಗ್ಲಿಷಿನಲ್ಲಿ ಕೇಳಿದ. ನನ್ನ ವಿದ್ಯಾರ್ಥಿಗಳು ಎತ್ತುವಂತೆಯೇ, ಅರ್ಧ, ಕೈ ಎತ್ತಿದೆ.

ನೀಲಿ ಕಾರಿನವನ ಹೆಸರು ಹಮದ್. ನಿಜ್ವಾ ಊರಿನ ಶಾಲೆ ಮೇಷ್ಟ್ರು, ಮೂವತ್ತರ ಆಸುಪಾಸು. ಅವನು ಸಿಟ್ಟಾಗಲಿಲ್ಲ. ಕಲ್ಲನ್ನು ಎತ್ತಿ ನೋಡಿ, ಯಾಕೆ ಇಟ್ಟಿರಿ ಎಂದು ನಿಜವಾದ ಕುತೂಹಲದಿಂದ ಕೇಳಿದ. ಹೇಳಿದೆ. ನಕ್ಕ. "ಪರವಾಗಿಲ್ಲ. ಮುಂದಿನ ಸಲ ಬರುತ್ತೇನೆ," ಎಂದ. ಬಾವುಟದವನು ನಂದೀಶನಿಗೆ, ನಿನ್ನ ಕಾರು ಸರಿಯಿದೆ, ಹೋಗು, ಎಂದ. ದಾರಿ ಖಾಲಿಯಿತ್ತು.

ನಂದೀಶ ಎಂಜಿನ್ ಆರಿಸಿ ಕೆಳಗಿಳಿದ.

"ಲೋ, ಓಗೋ! ಅವ್ನೇ ಪರವಾಗಿಲ್ಲ ಅಂತವ್ನೆ."

"ನಮ್ ಕಲ್ಲು ಕಣಕ್ಕ."

"ನನ್ ಕಲ್ಲು. ಅವ್ನಿಗೆ ಮುಂದಿನ್ ಸಲ ಅದೆ. ನಿಂಗಿಲ್ಲ ಕಣೋ."

"ಅವ್ನು ಮುಂದಿನ್ ಸಲ ಬರೋವಾಗ ನಾನಿರಾಕಿಲ್ವಲ್ಲಕ್ಕ," ಎಂದ. "ಈಗಿದೀನಿ."

ಅಷ್ಟು ಹೇಳಿ ಬಾನೆಟ್ಟು ಎತ್ತಿದ. ಎರಡು ವರ್ಷ ಕಟ್ಟಿದ ಕಾರನ್ನು ಮೂವರು ಸೇರಿ ಸಾಲಿನಿಂದ ಪಕ್ಕಕ್ಕೆ ತಳ್ಳಿದೆವು. ನಮ್ಮ ಕಾರಿನ ರೇಡಿಯೇಟರನ್ನು ಬಿಚ್ಚಿ ಹಮದ್‌ನ ಕಾರಿಗೆ ಹಾಕುವುದು ನಂದೀಶನ ಲೆಕ್ಕ. ಸಲೀಮ್ ಸ್ಪ್ಯಾನರು ಆಯ್ದು ಕೊಡುತ್ತ ಹೋದರು. ನನಗೆ ಸಿಕ್ಕ ಕೆಲಸ ನೀರು ಹಿಡಿಯುವುದು. ನೀಲಿ ಕಾರಿನ ಬಿಸಿ ಪೈಪು ಎಳೆಯುವಾಗ ನಂದೀಶನ ಅಂಗೈ ಸುಟ್ಟಿತು. "ಥೂ ನಿನ್ನ," ಎಂದು ಪೈಪಿಗೆ ಬೈದ. ನನಗೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಎಷ್ಟು ಹೊತ್ತಾಯಿತೋ ಹೇಳಲಾರೆ. ಮುಗಿದಾಗ ಬೆಟ್ಟದ ನೆರಳು ಅರ್ಧ ಡಾಂಬರನ್ನು ದಾಟಿತ್ತು. ಇವರನ್ನೇ ನೋಡುತ್ತಿದ್ದ ಬಾವುಟದವನು ಹಮದ್‌ಗೆ ಮಾತ್ರ ಕೊನೆಯಲ್ಲಿ ಎರಡು ಸುತ್ತು ಕೊಟ್ಟ. ಹಮದ್ ನಂದೀಶನ ಭುಜ ತಟ್ಟಿ ಪಕ್ಕದ ಸೀಟು ತೋರಿಸಿದ. ನಂದೀಶ ಹೆಲ್ಮೆಟ್ಟು ಹಾಕಿಕೊಂಡು ಬಲಗಡೆ ಕೂತ. ಅಲ್ಲಿನ ಕಾರುಗಳಲ್ಲಿ ಸ್ಟಿಯರಿಂಗು ಎಡಕ್ಕಿರುತ್ತದೆ.

ಮೊದಲ ಸುತ್ತು ನೋಡಲು ಸೊಗಸಾಗಿತ್ತು. ಕಾರು ಬಾಗಿಲನ್ನು ಮುಂದೆ ಮಾಡಿಕೊಂಡು, ಒಂದೇ ಕೋನದಲ್ಲಿ, ಯಾರೋ ಕೈಹಿಡಿದು ಎಳೆದುಕೊಂಡು ಹೋಗುತ್ತಿರುವಂತೆ ಜಾರಿತು. ಎರಡನೇ ಸುತ್ತಿನಲ್ಲಿ ಮತ್ತೆ ದಿಬ್ಬದ ಹಿಂದೆ ಹೋಯಿತು. ಎಂಜಿನ್ನಿನ ಸದ್ದು ಇಳಿಯಿತು. ನಿಂತಿತೇ, ನಿಧಾನವಾಯಿತೇ? ಮೊದಲ ಸುತ್ತಿನಲ್ಲಿ ದಿಬ್ಬ ದಾಟಲು ಅಷ್ಟೊಂದು ಹೊತ್ತು ಹಿಡಿದಿರಲಿಲ್ಲ.

ಹೊರಬಂದ ಕಾರು ಬೇರೆ ರೀತಿಯಲ್ಲಿತ್ತು. ಮೊದಲ ತಿರುವಿನಲ್ಲಿ ಪೂರ್ತಿ ಬುಗುರಿಯಂತೆ ತಿರುಗಿ ನಿಂತಿತು. ಮತ್ತೆ ಹೊರಟಿತು. ಎರಡನೆಯದರಲ್ಲಿ ಅಂಚು ಮೀರಿ ಮಣ್ಣಿಗೆ ಹೋಯಿತು. ಕೊನೆಯ ತಿರುವು ಉದ್ದದ್ದು. ಅಲ್ಲಿ ಅದು ಅಡ್ಡ ತಿರುಗಿತು, ತೂಗಾಡಿತು, ಹಿಡಿದುಕೊಂಡಿತು, ಕೊನೆಯವರೆಗೂ ಹಿಡಿದುಕೊಂಡೇ ಬಂತು. ಹೊಗೆ ಎಷ್ಟಿತ್ತೆಂದರೆ ಒಳಗಿನ ಎರಡು ಹೆಲ್ಮೆಟ್ಟುಗಳಲ್ಲಿ ಯಾವುದು ಯಾರದೆಂದು ಕಾಣಲಿಲ್ಲ.

"ನಂದೀಶ್! ನಂದೀಶ್!" ಎಂದು ಸಲೀಮ್ ಕುಣಿದರು. ಅವರ ಕನ್ನಡಕ ಟ್ಯಾಂಕರಿನಲ್ಲಿತ್ತು.

ಹೊಗೆ ಕರಗುವ ಹೊತ್ತಿಗೆ ಇಬ್ಬರೂ ಕಾರಿನ ಹೊರಗಿದ್ದರು. ಓಡಿಸಿದ್ದು ಯಾರೆಂದು ಹಮದ್‌ನನ್ನು ಕೇಳಿದೆ. ಎರಡನೇ ಸುತ್ತಿಗೆ ಟೈರು ಹೋಗಿತ್ತು ಎಂದು ಎದೆಯ ಮೇಲೆ ಕೈಯಿಟ್ಟು ನಕ್ಕ. ಸುತ್ತಿನ ನಡುವೆ ಡ್ರೈವರು ಬದಲಾಗುವಂತಿಲ್ಲ ಎಂಬ ನಿಯಮವಿತ್ತು, ಬಾವುಟದವನು ಪಕ್ಕದಲ್ಲೇ ನಿಂತಿದ್ದ.

ಹಾಸನ

ನಂದೀಶ ಈಗ ಚನ್ನರಾಯಪಟ್ಟಣದಲ್ಲಿ ಗ್ಯಾರೇಜು ಇಟ್ಟಿದ್ದಾನೆ. ದಂಡಿಗನಹಳ್ಳಿ ಕಡೆಯ ಟ್ರ್ಯಾಕ್ಟರುಗಳು ಬರುತ್ತವೆ, ಮಾಲೀಕರು ಎದುರಿಗೇ ಕೂತು ಸಲಹೆ ಕೊಡುತ್ತಾರೆ. ನಮ್ಮ ಕಾರು ಹೇಗೆ ಜಾರುತ್ತದೆಂದು ಯಾರಿಗೂ ಗೊತ್ತಾಗಲಿಲ್ಲ. ರೇಡಿಯೇಟರಿಲ್ಲದೆ ಅದು ಟ್ಯಾಂಕರಿನ ಹಿಂದೆ ಹಗ್ಗ ಕಟ್ಟಿಸಿಕೊಂಡು ಬರ್ಕಾಗೆ ಹೋಯಿತು. ಸಲೀಮ್ ಅದಕ್ಕೆ ಇನ್ನೊಂದು ರೇಡಿಯೇಟರ್ ಹುಡುಕುತ್ತಿದ್ದಾರಂತೆ. ನಾನು ಕಲ್ಲಿಟ್ಟೆ ಎಂಬುದು ಖಚಿತ. ಅದರಲ್ಲಿ ನೆನಪು ನನಗೆ ಯಾವ ರಿಯಾಯಿತಿಯನ್ನೂ ಕೊಟ್ಟಿಲ್ಲ.

ಆ ಎರಡನೇ ಸುತ್ತಿನ ಬಗ್ಗೆ ತಮ್ಮನನ್ನು ಎರಡು ಸಲ ಕೇಳಿದ್ದೇನೆ. ವಿಮಾನದಲ್ಲಿ, ಸುಟ್ಟ ಅಂಗೈಗೆ ಮುಲಾಮು ಹಚ್ಚಿಕೊಳ್ಳುತ್ತ, "ಓಡಿಸ್ದೆ ಕಣಕ್ಕ," ಎಂದ. ಊರಿಗೆ ಬಂದ ಮೇಲೆ, ಅವನ ಹೆಂಡತಿಯೂ ಇದ್ದಾಗ ಕೇಳಿದರೆ, "ನಾನೆಲ್ಲಿ ಓಡಿಸ್ದೆ? ಪಕ್ಕದಲ್ಲಿ ಕುಂತು ಜೀವ ಕೈಲಿ ಇಡ್ಕೊಂಡಿದ್ದೆ," ಎಂದ. ಹೆಂಡತಿ ಹೆದರುತ್ತಾಳೆಂದು ಎರಡನೆಯದನ್ನು ಹೇಳಿರಬಹುದು. ನನ್ನ ಮನಸ್ಸಿಗೆ ಹಗುರಾಗಲೆಂದು ಮೊದಲನೆಯದನ್ನು ಹೇಳಿರಬಹುದು. ಎರಡನ್ನೂ ಒಂದೇ ಮುಖದಲ್ಲಿ ಹೇಳಿದ. ಸ್ಟಿಯರಿಂಗು ಯಾರ ಕೈಯಲ್ಲಿತ್ತೋ ನನಗೆ ಗೊತ್ತಿಲ್ಲ.